ಜಡ್ಜ್ ಕುರ್ಚಿ ಬಿಟ್ಟು ಲೋಕಸಭೆಗೆ: ಕೌಡೂರು ಸದಾನಂದ ಹೆಗ್ಡೆ ಅವರ ಕಥೆ, ನಮ್ಮ ನಾಲ್ಕು ತಾಲ್ಲೂಕಿನಿಂದ ನೋಡಿದಾಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ಸೇರಿದರೆ ಮಧುಗಿರಿ ಉಪವಿಭಾಗ. ಪಹಣಿಯಲ್ಲಿ ಹೆಸರು ತಪ್ಪಿದರೆ, ತಹಶೀಲ್ದಾರ್ ಕೊಟ್ಟ ಆದೇಶ ಸರಿಯಿಲ್ಲ ಅನ್ನಿಸಿದರೆ, ಪಿಟಿಸಿಎಲ್ ಜಮೀನಿನ ತಕರಾರು ಎದ್ದರೆ ನಾವೆಲ್ಲ ಫೈಲು ಹಿಡಿದು ಹೋಗಬೇಕಾದದ್ದು ಮಧುಗಿರಿಯ ಎಸಿ ಕೋರ್ಟಿಗೆ. ಅದಕ್ಕೇ ನಮ್ಮ ಕಡೆ ಕೋರ್ಟು, ವಕೀಲರು, ವಾಯಿದೆ ಅನ್ನೋ ಮಾತುಗಳು ಬಸ್ ಸ್ಟ್ಯಾಂಡಿನ ಹೋಟೆಲ್‌ನಲ್ಲೂ ಮಾಮೂಲಿ.

2014ರ ಲೋಕಸಭಾ ಚುನಾವಣೆ ನಿಮಗೆ ನೆನಪಿರಬಹುದು. ತುಮಕೂರಿನಿಂದ ಗೆದ್ದವರು ಎಸ್.ಪಿ. ಮುದ್ದಹನುಮೇಗೌಡರು. ಮಧುಗಿರಿ, ಕೊರಟಗೆರೆಯವರು ಆ ಕ್ಷೇತ್ರಕ್ಕೇ ಮತ ಹಾಕುವವರು; ಶಿರಾ, ಪಾವಗಡದವರು 2008ರ ಕ್ಷೇತ್ರ ವಿಂಗಡಣೆಯ ನಂತರ ಚಿತ್ರದುರ್ಗಕ್ಕೆ. ಮುದ್ದಹನುಮೇಗೌಡರು ವಕೀಲರಾಗಿದ್ದವರು, ನ್ಯಾಯಾಧೀಶರಾಗಿದ್ದವರು, ಆ ಕೆಲಸ ಬಿಟ್ಟು ರಾಜಕೀಯಕ್ಕೆ ಬಂದವರು. ಕುಣಿಗಲ್‌ನಿಂದ ವಿಧಾನಸಭೆಗೆ ಹೋಗಿ, ಆಮೇಲೆ ಸಂಸತ್ತಿಗೂ ಹೋದರು. 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಹೊಂದಾಣಿಕೆಯಲ್ಲಿ ಕ್ಷೇತ್ರ ಎಚ್.ಡಿ. ದೇವೇಗೌಡರ ಪಾಲಾಯಿತು. 2024ರಲ್ಲಿ ಮತ್ತೆ ನಿಂತು ವಿ. ಸೋಮಣ್ಣ ಅವರ ಎದುರು ಸೋತರು.

ಆ ಚುನಾವಣೆಗಳ ಹೊತ್ತಿನಲ್ಲಿ ಒಂದು ಪ್ರಶ್ನೆ ಊರೂರಲ್ಲೂ ಕೇಳಿಬರುತ್ತಿತ್ತು. "ಜಡ್ಜ್ ಆಗಿ ಗೌರವವಾಗಿ ಇದ್ದವರಿಗೆ ಈ ಓಟಿನ ಗಲಾಟೆ ಯಾಕೆ ಬೇಕಿತ್ತು?"

ಒಬ್ಬರ ಬಗ್ಗೆ ಕೇಳಿದ ಈ ಪ್ರಶ್ನೆಗೆ ನಮ್ಮ ರಾಜ್ಯದಲ್ಲಿ ಹಳೆಯದೊಂದು ದೊಡ್ಡ ಕಥೆ ಇದೆ. ವಕೀಲರಾಗಿ, ರಾಜ್ಯಸಭೆ ಸದಸ್ಯರಾಗಿ, ಹೈಕೋರ್ಟ್ ನ್ಯಾಯಮೂರ್ತಿಯಾಗಿ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ, ಕೊನೆಗೆ ಲೋಕಸಭೆಯ ಸ್ಪೀಕರ್ ಆದವರ ಕಥೆ. ಅವರು ಕೌಡೂರು ಸದಾನಂದ ಹೆಗ್ಡೆ. ಪೇಪರಿನಲ್ಲಿ ಕೆ.ಎಸ್. ಹೆಗ್ಡೆ ಎಂದೇ ಬರುತ್ತಿತ್ತು. ಅವರು ನಮ್ಮ ಜಿಲ್ಲೆಯವರಲ್ಲ. ಆದರೆ ಅವರು ಬರೆದ ತೀರ್ಪು, ಅವರು ಪೀಠದಲ್ಲಿ ಕೂತಿದ್ದಾಗ ಆದ ತಿದ್ದುಪಡಿ ಇವತ್ತಿಗೂ ನಮ್ಮ ಜಮೀನಿನ ಕಾಗದದವರೆಗೆ ಬಂದು ಮುಟ್ಟುತ್ತವೆ.

ಕಾರ್ಕಳದ ಹುಡುಗ, ಮದ್ರಾಸಿನ ಓದು

ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಇವತ್ತು ಅದು ಉಡುಪಿ ಜಿಲ್ಲೆ. ಆಗ ದಕ್ಷಿಣ ಕನ್ನಡ ಜಿಲ್ಲೆ, ಅದೂ ಮದ್ರಾಸ್ ಪ್ರಾಂತ್ಯದೊಳಗೆ. ನಮ್ಮ ಮಧುಗಿರಿ, ಶಿರಾ ಕಡೆಯವರು ಮೈಸೂರು ಮಹಾರಾಜರ ಆಳ್ವಿಕೆಯಲ್ಲಿದ್ದಾಗ ಅವರು ಬ್ರಿಟಿಷರ ನೇರ ಆಳ್ವಿಕೆಯಲ್ಲಿದ್ದರು. ಕನ್ನಡ ನಾಡು ಎಷ್ಟು ತುಂಡಾಗಿತ್ತು ಅನ್ನೋದಕ್ಕೆ ಇದೊಂದೇ ಸಾಕು.

ಊರಲ್ಲಿ, ಕಾರ್ಕಳದಲ್ಲಿ ಶಾಲೆ ಮುಗಿಸಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜಿಗೆ, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಲಾ ಕಾಲೇಜಿಗೆ ಹೋದರು. ಅರ್ಥಶಾಸ್ತ್ರದಲ್ಲಿ ಎಂ.ಎ., ಜೊತೆಗೆ ಕಾನೂನು ಪದವಿ. ವಕೀಲಿಕೆ ಶುರು ಮಾಡಿ, ಮುಂದೆ ಸರ್ಕಾರಿ ಪ್ಲೀಡರ್, ಪಬ್ಲಿಕ್ ಪ್ರಾಸಿಕ್ಯೂಟರ್ ಆದರು. ಜಿಲ್ಲಾ ಮಟ್ಟದ ಕೋರ್ಟಿನಲ್ಲಿ ಗೇಣಿ, ಪಾಲು, ಹೊಡೆದಾಟದ ಕೇಸುಗಳ ನಡುವೆ ಬೆಳೆದ ವಕೀಲರು ಅವರು.

1952ರಲ್ಲಿ ರಾಜ್ಯಸಭೆ ಮೊದಲ ಸಲ ರಚನೆಯಾದಾಗ ಕಾಂಗ್ರೆಸ್ಸಿನಿಂದ ಮದ್ರಾಸ್ ರಾಜ್ಯದ ಪ್ರತಿನಿಧಿಯಾಗಿ ದಿಲ್ಲಿಗೆ ಹೋದರು. 1954ರಲ್ಲಿ ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು. 1956ರ ನವೆಂಬರ್ 1ಕ್ಕೆ ರಾಜ್ಯಗಳ ಗಡಿ ಬದಲಾಯಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯ ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಈ ಕಾಸರಗೋಡನ್ನು ನೆನಪಿಟ್ಟುಕೊಳ್ಳಿ. ಕಥೆ ಮುಂದೆ ಅಲ್ಲಿಗೆ ಹೋಗುತ್ತದೆ.

1957ರ ಆಗಸ್ಟ್‌ನಲ್ಲಿ ಹೆಗ್ಡೆ ರಾಜ್ಯಸಭೆ ಸ್ಥಾನ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಅಂದರೆ, ಒಂದು ಪಕ್ಷದ ಸಂಸದ ನೇರವಾಗಿ ಹೈಕೋರ್ಟ್ ಪೀಠಕ್ಕೆ! ಇವತ್ತು ಹೀಗಾದರೆ ಟಿವಿಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಈ ಮಾತನ್ನೂ ಪಕ್ಕಕ್ಕಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಆ ಕಾಲದ ಮೈಸೂರು ಹೈಕೋರ್ಟಿನಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಗುಬ್ಬಿ ತಾಲ್ಲೂಕಿನ ನಿಟ್ಟೂರಿನವರಾದ ನಿಟ್ಟೂರು ಶ್ರೀನಿವಾಸರಾಯರು ಅಲ್ಲಿ ನ್ಯಾಯಮೂರ್ತಿಯಾಗಿ, ಮುಖ್ಯ ನ್ಯಾಯಮೂರ್ತಿಯೂ ಆಗಿ, 1964ರಲ್ಲಿ ದೇಶದ ಮೊದಲ ಕೇಂದ್ರ ವಿಚಕ್ಷಣಾ ಆಯುಕ್ತರಾದರು. ಹೆಗ್ಡೆ ಅವರ ದಾರಿ ದಿಲ್ಲಿಯ ಕಡೆ ಹೋಯಿತು. 1966ರ ಅಕ್ಟೋಬರ್ 31ಕ್ಕೆ ದಿಲ್ಲಿ ಹೈಕೋರ್ಟ್ ಶುರುವಾದಾಗ ಅದರ ಮೊದಲ ಮುಖ್ಯ ನ್ಯಾಯಮೂರ್ತಿ ಹೆಗ್ಡೆ. ಮರುವರ್ಷ, 1967ರ ಜುಲೈನಲ್ಲಿ, ಸುಪ್ರೀಂ ಕೋರ್ಟ್.

ತನ್ನ ಕೇಸಿಗೆ ತಾನೇ ಪಂಚಾಯ್ತಿದಾರ ಆಗಬಾರದು

ಸುಪ್ರೀಂ ಕೋರ್ಟಿನಲ್ಲಿ ಹೆಗ್ಡೆ ಬರೆದ ಒಂದು ತೀರ್ಪು 1969ರ ಏಪ್ರಿಲ್‌ನದು. ಕಾನೂನು ಓದುವ ಮಕ್ಕಳೆಲ್ಲ ಓದಲೇಬೇಕಾದ ಕ್ರೈಪಾಕ್ ಕೇಸು. ಹೆಸರು ಕೇಳಿ ಹೆದರಬೇಡಿ, ವಿಷಯ ಬಹಳ ಸರಳ.

ಜಮ್ಮು-ಕಾಶ್ಮೀರದ ಅರಣ್ಯ ಅಧಿಕಾರಿಗಳಿಂದ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಿತ್ತು. ಆರಿಸುವ ಸಮಿತಿಯಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಉಸ್ತುವಾರಿ ಮುಖ್ಯಸ್ಥರು ಒಬ್ಬರು ಇದ್ದರು. ತಮಾಷೆ ಏನೆಂದರೆ, ಆ ಹುದ್ದೆಗೆ ಅವರೂ ಒಬ್ಬ ಅಭ್ಯರ್ಥಿ. ತಮ್ಮ ಹೆಸರು ಬಂದಾಗ ಎದ್ದು ಹೋದರಂತೆ. ಆದರೆ ತಮ್ಮ ಜೊತೆ ಪೈಪೋಟಿಗಿದ್ದವರ ಹೆಸರು ಬಂದಾಗ ಅಲ್ಲೇ ಕೂತಿದ್ದರು. ಪಟ್ಟಿ ಹೊರಬಂದಾಗ ಅವರ ಹೆಸರು ಮೇಲಿತ್ತು.

ಸರ್ಕಾರದ ವಾದ ಹೀಗಿತ್ತು: ಇದು ಕೋರ್ಟ್ ವಿಚಾರಣೆ ಅಲ್ಲ, ಬರೀ ಆಡಳಿತದ ಕೆಲಸ. ಇದಕ್ಕೆ ನ್ಯಾಯಾಲಯದ ನಿಯಮ ಯಾಕೆ? ಐವರ ಪೀಠದ ಪರವಾಗಿ ಹೆಗ್ಡೆ ಅದನ್ನು ಒಪ್ಪಲಿಲ್ಲ. ಆಡಳಿತದ ತೀರ್ಮಾನಕ್ಕೂ ನ್ಯಾಯ ತೀರ್ಮಾನಕ್ಕೂ ನಡುವಿನ ಗೆರೆ ತುಂಬಾ ತೆಳು. ಜನರ ಹಕ್ಕಿನ ಮೇಲೆ ಪರಿಣಾಮ ಬೀರುವ ಯಾವುದೇ ಅಧಿಕಾರಿ ಪಕ್ಷಪಾತವಿಲ್ಲದೆ, ನ್ಯಾಯವಾಗಿ ನಡೆದುಕೊಳ್ಳಲೇಬೇಕು ಎಂಬುದು ಆ ತೀರ್ಪಿನ ಸಾರ. ಆಯ್ಕೆ ಪಟ್ಟಿ ರದ್ದಾಯಿತು.

ಈಗ ಇದನ್ನು ಮಧುಗಿರಿಗೆ ತನ್ನಿ. ತಹಶೀಲ್ದಾರ್, ಎಸಿ ಇವರೆಲ್ಲ ಕಪ್ಪು ಕೋಟಿನ ಜಡ್ಜ್‌ಗಳಲ್ಲ, ಆಡಳಿತಾಧಿಕಾರಿಗಳು. ಆದರೂ ಖಾತೆ ಬದಲಾಯಿಸುವ ಮುಂಚೆ ನಿಮಗೆ ನೋಟಿಸ್ ಕೊಡಬೇಕು, ನಿಮ್ಮ ಮಾತು ಕೇಳಬೇಕು. ಯಾರ ಪರವಾಗಿ ಆದೇಶ ಆಗುತ್ತದೋ ಅವರ ಸ್ವಂತದವರು ಆ ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡುವಂತಿಲ್ಲ. "ನನಗೆ ನೋಟಿಸೇ ಬಂದಿಲ್ಲ ಸ್ವಾಮಿ" ಎಂದು ವಕೀಲರು ಮೇಲ್ಮನವಿಯಲ್ಲಿ ಬರೆದಾಗ ಆ ಸಾಲಿನ ಹಿಂದೆ ಇರುವ ಶಕ್ತಿ ಇಂಥ ತೀರ್ಪುಗಳದ್ದು. ನಿಮ್ಮ ಊರಿನ ಜಮೀನಿನ ವಿಷಯದಲ್ಲಿ ನಿಮ್ಮನ್ನು ಕೇಳದೆ ಆದೇಶ ಆಗಿದ್ದರೆ, ಆ ಒಂದು ಕಾರಣವನ್ನೇ ಮೊದಲು ವಕೀಲರಿಗೆ ಹೇಳಿ.

ಬ್ಯಾಂಕು, ರಾಜಧನ ಮತ್ತು ಚಿತ್ರದುರ್ಗದ ನಿಜಲಿಂಗಪ್ಪ

1969 ದಿಲ್ಲಿ ರಾಜಕೀಯದಲ್ಲಿ ಬಿರುಗಾಳಿಯ ವರ್ಷ. ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಪಕ್ಕದ ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಅವರೂ ವಕೀಲರೇ. ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಧಿಕೃತ ಅಭ್ಯರ್ಥಿ ಪಾವಗಡಕ್ಕೆ ಹೊಂದಿಕೊಂಡ ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿ. ಪ್ರಧಾನಿ ಇಂದಿರಾ ಗಾಂಧಿ ವಿ.ವಿ. ಗಿರಿ ಕಡೆ ನಿಂತರು. ರೆಡ್ಡಿ ಸೋತರು, ನವೆಂಬರ್‌ನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ ಎರಡಾಯಿತು.

ಇದೇ ಹೊತ್ತಿಗೆ 14 ಬ್ಯಾಂಕುಗಳ ರಾಷ್ಟ್ರೀಕರಣ, ಆಮೇಲೆ ಹಳೆಯ ರಾಜರ ರಾಜಧನ ರದ್ದತಿ. ಎರಡೂ ಸುಪ್ರೀಂ ಕೋರ್ಟಿಗೆ ಹೋದವು. 1970ರಲ್ಲಿ 11 ನ್ಯಾಯಮೂರ್ತಿಗಳ ಪೀಠ ಎರಡರಲ್ಲೂ ಸರ್ಕಾರದ ವಿರುದ್ಧ ತೀರ್ಪು ಕೊಟ್ಟಿತು. ಹೆಗ್ಡೆ ಎರಡರಲ್ಲೂ ಬಹುಮತದ ಕಡೆ. ಎ.ಎನ್. ರೇ ಎರಡರಲ್ಲೂ ಭಿನ್ನಮತದ ಕಡೆ.

ಹಳ್ಳಿಯ ಬಡವರಿಗೆ ಬ್ಯಾಂಕ್ ಸಾಲ ಸಿಗಲಿ ಎಂದು ಬಯಸಿದವರಿಗೆ ಕೋರ್ಟಿನ ಈ ನಡೆ ಸಿಟ್ಟು ತಂದಿದ್ದು ನಿಜ. ಹೆಗ್ಡೆ ಅವರ ಬಗ್ಗೆ ಬರೆಯುವಾಗ ಇದನ್ನು ಮುಚ್ಚಿಡುವುದು ಸರಿಯಲ್ಲ. ಕೋರ್ಟ್ ಶ್ರೀಮಂತರ ಆಸ್ತಿ ಕಾಯುತ್ತಿದೆ ಎಂಬ ಟೀಕೆ ಆಗ ಬಲವಾಗಿತ್ತು. 1971ರ ಚುನಾವಣೆಯಲ್ಲಿ ಇಂದಿರಾ "ಗರೀಬಿ ಹಟಾವೋ" ಘೋಷಣೆಯ ಮೇಲೆ ದೊಡ್ಡ ಬಹುಮತದಿಂದ ಗೆದ್ದರು. ನಮ್ಮ ಕಡೆಯೂ ಅದೇ ಗಾಳಿ. ಆಗ ಮಧುಗಿರಿ ಹೆಸರಲ್ಲೇ ಒಂದು ಲೋಕಸಭಾ ಕ್ಷೇತ್ರ ಇತ್ತು ಎಂಬುದು ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1967ರಲ್ಲಿ ಮಾಲಿ ಮರಿಯಪ್ಪ, 1971ರಲ್ಲಿ ಕೆ. ಮಲ್ಲಣ್ಣ ಅಲ್ಲಿಂದ ಗೆದ್ದಿದ್ದರು. ಮುಂದಿನ ಕ್ಷೇತ್ರ ವಿಂಗಡಣೆಯಲ್ಲಿ ಮಧುಗಿರಿ ಕ್ಷೇತ್ರವೇ ಇಲ್ಲವಾಯಿತು.

ಗೆದ್ದ ಸರ್ಕಾರ ಸಂವಿಧಾನಕ್ಕೆ 24, 25, 26ನೇ ತಿದ್ದುಪಡಿ ತಂದಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ಬದಲಾಯಿಸಬಹುದು ಎಂಬುದು ಇದರ ಹಿಂದಿನ ನಿಲುವು. ಹಾಗಾದರೆ ಮೂರನೇ ಎರಡು ಬಹುಮತ ಇದ್ದವರು ಚುನಾವಣೆಯನ್ನೇ ರದ್ದು ಮಾಡಬಹುದೇ? ಈ ಪ್ರಶ್ನೆ ಕೋರ್ಟಿಗೆ ಬಂದದ್ದು ಒಂದು ಕನ್ನಡ ಮಠದ ಜಮೀನಿನ ಮೂಲಕ.

ಎಡನೀರಿನ ಸ್ವಾಮೀಜಿ, ಕೌಡೂರಿನ ನ್ಯಾಯಮೂರ್ತಿ

ಕಾಸರಗೋಡಿನ ಹತ್ತಿರ ಎಡನೀರು ಮಠ. ಅದರ ಪೀಠಾಧಿಪತಿ ಕೇಶವಾನಂದ ಭಾರತಿ ಸ್ವಾಮೀಜಿ. ಕೇರಳದ ಭೂ ಸುಧಾರಣೆ ಕಾನೂನಿನಿಂದ ಮಠದ ಜಮೀನು ಕೈಬಿಡುವ ಪರಿಸ್ಥಿತಿ ಬಂದಾಗ 1970ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ಗಡಿ ಗೆರೆ ಎಳೆಯುವ ಮೊದಲು ಎಡನೀರೂ ಕೌಡೂರೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಅರ್ಜಿದಾರರೂ, ಅರ್ಜಿ ಕೇಳಿದ ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಆ ಒಂದೇ ಹಳೆಯ ಜಿಲ್ಲೆಯವರು.

13 ನ್ಯಾಯಮೂರ್ತಿಗಳು ಕೂತು 68 ದಿನ ವಾದ ಕೇಳಿದರು. ಸ್ವಾಮೀಜಿ ಪರ ನಾನಿ ಪಾಲ್ಖಿವಾಲಾ. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು: 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಒಂದೇ ಒಂದು ಮತದ ಅಂತರ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಒಂದು ಓಟಿನಿಂದ ಗೆದ್ದವರನ್ನು ನಾವು ನೋಡಿದ್ದೇವೆ. ದೇಶದ ಸಂವಿಧಾನದ ಹಣೆಬರಹವೂ ಒಮ್ಮೆ ಹಾಗೇ ತೀರ್ಮಾನವಾಯಿತು.

ಬಹುಮತ ಹೇಳಿದ್ದೇನು? ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡವುವಂತಿಲ್ಲ. ಮನೆಗೆ ಸುಣ್ಣ ಬಳಿಸಬಹುದು, ಕೋಣೆ ಸೇರಿಸಬಹುದು, ಹಳೆಯ ಕಿಟಕಿ ತೆಗೆದು ಹೊಸದು ಇಡಬಹುದು, ಪಾಯ ಕೀಳಬಾರದು. ಹೆಗ್ಡೆ ಮತ್ತು ನ್ಯಾಯಮೂರ್ತಿ ಎ.ಕೆ. ಮುಖರ್ಜಿಯಾ ಇಬ್ಬರೂ ಸೇರಿ ಒಂದು ತೀರ್ಪು ಬರೆದರು. ದೇಶದ ಸಾರ್ವಭೌಮತ್ವ, ಪ್ರಜಾಪ್ರಭುತ್ವ, ದೇಶದ ಐಕ್ಯತೆ, ವ್ಯಕ್ತಿ ಸ್ವಾತಂತ್ರ್ಯದ ಮುಖ್ಯ ಅಂಶಗಳು, ಜೊತೆಗೆ ಸಮಾನತೆಯ ಕಲ್ಯಾಣ ರಾಜ್ಯ ಕಟ್ಟುವ ಹೊಣೆ, ಇವನ್ನು ಅವರು ಆ ಪಾಯದ ಕಲ್ಲುಗಳಲ್ಲಿ ಎಣಿಸಿದರು. ಕೊನೆಯದನ್ನು ಗಮನಿಸಿ. ಬಡವರ ಪರ ಕಾನೂನು ಮಾಡುವ ಹೊಣೆಯೂ ಸಂವಿಧಾನದ ಬುಡದಲ್ಲೇ ಇದೆ ಎಂದರು. ಆಸ್ತಿ ಕಾಯುವ ಜಡ್ಜ್ ಎಂಬ ಟೀಕೆಯ ಜೊತೆಗೆ ಇದನ್ನೂ ಓದಬೇಕು.

ಸ್ವಾಮೀಜಿ ಪ್ರಶ್ನಿಸಿದ ಭೂ ಸುಧಾರಣೆ ಮಾತ್ರ ಉಳಿಯಿತು. ಗೇಣಿದಾರರಿಗೆ ಜಮೀನು ಕೊಡುವ ಕಾನೂನಿಗೆ ಈ ತೀರ್ಪು ಅಡ್ಡ ಬರಲಿಲ್ಲ. ಮರುವರ್ಷ, 1974ರಲ್ಲಿ, ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರ "ಉಳುವವನೇ ಹೊಲದೊಡೆಯ" ಎಂದು ಭೂ ನ್ಯಾಯಮಂಡಳಿಗಳನ್ನು ಕೂರಿಸಿತು.

ಮರುದಿನವೇ ಬಂದ ಪೆಟ್ಟು

ಆ ತೀರ್ಪು ಬಂದ ಹೊತ್ತಿಗೆ ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಿವೃತ್ತಿಯ ಅಂಚಿನಲ್ಲಿದ್ದರು. ಪದ್ಧತಿಯಂತೆ ಸೇವೆಯಲ್ಲಿ ಹಿರಿಯರು ಮುಂದಿನ ಮುಖ್ಯ ನ್ಯಾಯಮೂರ್ತಿ. ಹಿರಿತನದ ಸಾಲು ಹೀಗಿತ್ತು: ಜೆ.ಎಂ. ಶೇಲತ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್, ನಾಲ್ಕನೆಯವರು ಎ.ಎನ್. ರೇ. ಮೊದಲ ಮೂವರೂ 7 ಜನರ ಗುಂಪಿನಲ್ಲಿದ್ದವರು. ರೇ 6 ಜನರ ಗುಂಪಿನಲ್ಲಿದ್ದವರು.

ಏಪ್ರಿಲ್ 25ರಂದು ಸರ್ಕಾರ ಮೂವರನ್ನೂ ದಾಟಿ ರೇ ಅವರ ಹೆಸರು ಪ್ರಕಟಿಸಿತು. ಶೇಲತ್, ಹೆಗ್ಡೆ, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟರು.

ಲೆಕ್ಕ ಹಾಕಿ ನೋಡಿದರೆ ಶೇಲತ್ ಜುಲೈನಲ್ಲಿ 65 ತುಂಬಿ ನಿವೃತ್ತರಾಗುತ್ತಿದ್ದರು. ಆಮೇಲೆ 1974ರ ಜೂನ್‌ವರೆಗೆ, ಹೆಚ್ಚು ಕಡಿಮೆ 11 ತಿಂಗಳು, ಹೆಗ್ಡೆ ದೇಶದ ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು. ನಮ್ಮ ರಾಜ್ಯದ ಇ.ಎಸ್. ವೆಂಕಟರಾಮಯ್ಯ ಆ ಕುರ್ಚಿಗೆ ಬಂದದ್ದು 1989ರಲ್ಲಿ. ಅಂದರೆ ಹೆಗ್ಡೆ ಅವರ ಕೈತಪ್ಪಿದ 16 ವರ್ಷಗಳ ಮೇಲೆ.

ಸಚಿವ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಇದನ್ನು ಸಮರ್ಥಿಸಿದರು. ಹಿರಿತನ ಒಂದೇ ಸಾಲದು, ನ್ಯಾಯಮೂರ್ತಿಯ ವಿಚಾರಧಾರೆಯನ್ನೂ ಸರ್ಕಾರ ನೋಡಬೇಕು ಎಂಬುದು ಅವರ ವಾದ. ಕೇಳಲು ಸರಿ ಅನ್ನಿಸಬಹುದು. ಆದರೆ ನಮ್ಮ ಎಸಿ ಕೋರ್ಟಿಗೆ ತಂದು ಯೋಚಿಸಿ. ನಿಮ್ಮ ಎದುರು ಪಾರ್ಟಿಯೇ "ಈ ಸಾಹೇಬರ ವಿಚಾರ ನಮಗೆ ಹಿಡಿಸೋಲ್ಲ, ಬೇರೆಯವರನ್ನು ಹಾಕ್ತೀವಿ" ಎಂದು ತೀರ್ಮಾನಿಸುವಂತಾದರೆ? ಸುಪ್ರೀಂ ಕೋರ್ಟಿನಲ್ಲಿ ಅತಿ ಹೆಚ್ಚು ಕೇಸುಗಳಲ್ಲಿ ಒಂದು ಪಾರ್ಟಿ ಆಗಿರುವುದು ಸರ್ಕಾರವೇ. ಕ್ರೈಪಾಕ್ ಕೇಸಿನಲ್ಲಿ ಹೆಗ್ಡೆ ಬರೆದ ಮಾತು ಅವರ ಬದುಕಿನಲ್ಲೇ ತಿರುಗಿ ಬಂದು ನಿಂತಿತ್ತು.

ತುರ್ತು ಪರಿಸ್ಥಿತಿ ಮತ್ತು 1977

1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧು ಮಾಡಿತು. ಜೂನ್ 25ಕ್ಕೆ ತುರ್ತು ಪರಿಸ್ಥಿತಿ. ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದವರಿಗೆ ಜೈಲು. ಅದೇ ನವೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ರೇ ಕೇಶವಾನಂದ ತೀರ್ಪನ್ನೇ ಮರುಪರಿಶೀಲಿಸಲು 13 ಜನರ ಪೀಠ ಕೂರಿಸಿದರು. ಎರಡೇ ದಿನದ ವಾದದ ನಂತರ ಆ ಪೀಠವನ್ನು ಬರಖಾಸ್ತು ಮಾಡಬೇಕಾಯಿತು. ತೀರ್ಪು ಉಳಿಯಿತು. 1976ರ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು, ಸಂವಿಧಾನ ತಿದ್ದುಪಡಿಗಳನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದಿತು.

1977ರ ಮಾರ್ಚ್ ಚುನಾವಣೆಗೆ ಹೆಗ್ಡೆ ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತರು. ಎದುರಾಳಿ ಸಾಮಾನ್ಯರಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. 67 ವರ್ಷದ ಮಾಜಿ ನ್ಯಾಯಮೂರ್ತಿ ಓಟು ಕೇಳಿ ಗೆದ್ದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕದಲ್ಲಿ 28ರಲ್ಲಿ 26 ಕಾಂಗ್ರೆಸ್ ಗೆದ್ದಿತು. ಜನತಾ ಪಕ್ಷಕ್ಕೆ ಸಿಕ್ಕಿದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ, ಎರಡೇ. ತುಮಕೂರು, ಚಿತ್ರದುರ್ಗ ಎರಡೂ ಕಾಂಗ್ರೆಸ್ಸಿಗೆ. ಅರಸು ಕಾಲದಲ್ಲಿ ಗೇಣಿ ಜಮೀನು, ಮನೆ, ಮೀಸಲಾತಿ ಸಿಕ್ಕ ಜನ ಸಂವಿಧಾನದ ವಾದಕ್ಕಿಂತ ಕೈಗೆ ಬಂದದ್ದನ್ನು ನೋಡಿ ಓಟು ಹಾಕಿದರು ಎಂದೇ ನಾವು ಓದಿಕೊಳ್ಳುತ್ತೇವೆ. ಅದನ್ನು ತಪ್ಪೆಂದು ಹೇಳಲು ನಾವು ಸಿದ್ಧರಿಲ್ಲ. ಆದರೆ ಜೈಲಿನಲ್ಲಿದ್ದವರ ಹಕ್ಕಿಗೂ ಹೊಲದಲ್ಲಿದ್ದವರ ಹಕ್ಕಿಗೂ ಒಂದೇ ಸಂವಿಧಾನ ಬೇಕು ಎಂಬುದು ಆಮೇಲೆ ನಿಧಾನವಾಗಿ ಅರ್ಥವಾದ ಮಾತು.

ಸ್ಪೀಕರ್ ಪೀಠದಲ್ಲಿ

ಹೊಸ ಲೋಕಸಭೆಗೆ ಮೊದಲು ಸ್ಪೀಕರ್ ಆದವರು ಅದೇ ನೀಲಂ ಸಂಜೀವ ರೆಡ್ಡಿ. ಜುಲೈನಲ್ಲಿ ಅವರು ರಾಷ್ಟ್ರಪತಿಯಾಗಲು ಹೊರಟಾಗ 1977ರ ಜುಲೈ 21ಕ್ಕೆ ಹೆಗ್ಡೆ ಸ್ಪೀಕರ್ ಆದರು. 1980ರ ಜನವರಿವರೆಗೂ ಆ ಪೀಠದಲ್ಲಿದ್ದರು.

ಅವರ ಅವಧಿಯಲ್ಲಿ ಆದ ದೊಡ್ಡ ಕೆಲಸ 44ನೇ ತಿದ್ದುಪಡಿ. ತುರ್ತು ಪರಿಸ್ಥಿತಿ ಹೇರಲು ಇಡೀ ಸಂಪುಟ ಲಿಖಿತವಾಗಿ ಸಲಹೆ ಕೊಡಬೇಕು. "ಆಂತರಿಕ ಗಲಭೆ" ಎಂಬ ಕಾರಣ ಸಾಲದು, ಸಶಸ್ತ್ರ ದಂಗೆ ಇರಬೇಕು. ಏನೇ ಆದರೂ ಜೀವಿಸುವ ಹಕ್ಕನ್ನು ಅಮಾನತು ಮಾಡುವಂತಿಲ್ಲ. ಲೋಕಸಭೆಯ ಅವಧಿ ಮತ್ತೆ ಐದು ವರ್ಷ. ಇವು ಅದರಲ್ಲಿದ್ದ ಮುಖ್ಯ ಮಾತುಗಳು.

ಇನ್ನೊಂದು ಘಟನೆ ನಮ್ಮ ರಾಜ್ಯದಿಂದಲೇ ಶುರುವಾದದ್ದು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಬಂದರು. ಹೆಗ್ಡೆ ಅವರನ್ನು ದಾಟಿ ಬೇರೆಯವರನ್ನು ಕೂರಿಸಿದ ಪ್ರಧಾನಿ, ಈಗ ಹೆಗ್ಡೆ ಅಧ್ಯಕ್ಷತೆಯ ಸದನದಲ್ಲಿ ಒಬ್ಬ ಸದಸ್ಯೆ. ಮಾರುತಿ ಕಂಪನಿ ಬಗ್ಗೆ ಸದನದ ಪ್ರಶ್ನೆಗೆ ಮಾಹಿತಿ ಸಂಗ್ರಹಿಸುತ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿಸಿದ್ದರು ಎಂದು ಹಕ್ಕುಬಾಧ್ಯತಾ ಸಮಿತಿ ವರದಿ ಕೊಟ್ಟಿತು. ಡಿಸೆಂಬರ್ 19ಕ್ಕೆ ಸದನ ಮತ ಹಾಕಿ ಅವರನ್ನು ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಜೈಲಿಗೆ ಕಳಿಸಿತು. ತೀರ್ಮಾನ ಸದನದ ಬಹುಮತದ್ದು. ಆದರೂ, ಅನ್ಯಾಯಕ್ಕೊಳಗಾದವರು ಎತ್ತರದ ಪೀಠದಲ್ಲಿ ಕೂತಿದ್ದಾಗ ಎದುರಿನವರಿಗೆ ಶಿಕ್ಷೆಯಾದರೆ ಜನ ಏನು ಅಂದುಕೊಳ್ಳುತ್ತಾರೆ? ಚಿಕ್ಕಮಗಳೂರಿನ ಜನರ ಓಟಿಗೆ ಏನು ಬೆಲೆ? ಈ ಪ್ರಶ್ನೆಗಳು ಆಗಲೂ ಎದ್ದವು. 1980ರಲ್ಲಿ ಇಂದಿರಾ ಮತ್ತೆ ಗೆದ್ದರು. 1981ರಲ್ಲಿ ಹೊಸ ಲೋಕಸಭೆ ಆ ಉಚ್ಚಾಟನೆಯ ನಿರ್ಣಯವನ್ನು ರದ್ದು ಮಾಡಿತು.

ಜಮೀನಿನ ಹಕ್ಕು ಮತ್ತು ತಿರುಮಣಿಯ ಸೋಲಾರ್

44ನೇ ತಿದ್ದುಪಡಿಯ ಇನ್ನೊಂದು ತುಂಡು ನಮಗೆ ಹತ್ತಿರದ್ದು. ಅದು ಆಸ್ತಿ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಬದಲಿಗೆ 300ಎ ವಿಧಿ ಬಂತು: ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಬ್ಯಾಂಕ್, ರಾಜಧನದ ಕೇಸುಗಳಲ್ಲಿ ಆಸ್ತಿ ಹಕ್ಕಿನ ವಾದ ಕೇಳಿದ ನ್ಯಾಯಮೂರ್ತಿಯೇ ಸ್ಪೀಕರ್ ಆಗಿದ್ದಾಗ ಆಸ್ತಿ ಹಕ್ಕು ಒಂದು ಮೆಟ್ಟಿಲು ಕೆಳಗಿಳಿಯಿತು.

ಅಂದಿನಿಂದ ನಮ್ಮ ಹೊಲ ನಮ್ಮ ಸಂವಿಧಾನಿಕ ಹಕ್ಕು, ಆದರೆ ಮೂಲಭೂತ ಹಕ್ಕಲ್ಲ. ರಸ್ತೆಗೆ, ಕೈಗಾರಿಕೆಗೆ, ನೀರಾವರಿ ಕಾಲುವೆಗೆ ಜಮೀನು ಹೋದಾಗ ಜಗಳ ನಡೆಯುವುದು "ಕಾನೂನು ಪ್ರಕಾರ ನಡೆಯಿತೇ, ಪರಿಹಾರ ಸರಿಯಾಗಿದೆಯೇ" ಎಂಬುದರ ಮೇಲೆ.

ಪಾವಗಡದ ಸೋಲಾರ್ ಪಾರ್ಕ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ಜಮೀನು ಭೂಸ್ವಾಧೀನ ಆಗಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪಹಣಿಯಲ್ಲಿ ರೈತರ ಹೆಸರೇ ಉಳಿಯಿತು. ಜಮೀನಿದ್ದವರಿಗೆ ಬರಗಾಲದ ಸೀಮೆಯಲ್ಲಿ ಖಾತ್ರಿ ಹಣ. ಜಮೀನಿಲ್ಲದ ಕೂಲಿಗಳಿಗೆ, ಕುರಿ ಮೇಯಿಸುವವರಿಗೆ ಆ ಹೊಲಗಳ ಕೆಲಸ, ಹುಲ್ಲು ಎರಡೂ ಹೋದವು. ಆಸ್ತಿ ಹಕ್ಕು ಎಂದ ತಕ್ಷಣ ಆಸ್ತಿಯೇ ಇಲ್ಲದವರ ಹಕ್ಕು ಏನು ಎಂದು ಕೇಳಬೇಕಾಗುತ್ತದೆ. ಹೆಗ್ಡೆ ಮತ್ತು ಮುಖರ್ಜಿಯಾ ಪಾಯದಲ್ಲಿ ಸೇರಿಸಿದ್ದ "ಸಮಾನತೆಯ ಕಲ್ಯಾಣ ರಾಜ್ಯ" ಎಂಬ ಕಲ್ಲು ಇಲ್ಲಿ ನೆನಪಾಗುತ್ತದೆ.

ಜಡ್ಜ್‌ಗಳು ರಾಜಕೀಯಕ್ಕೆ ಬರಬಹುದೇ?

ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ಹೆಗ್ಡೆ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಹುಟ್ಟುಹಾಕಿದರು. ಬಿಜೆಪಿ ಸ್ಥಾಪನೆಯಾದ ಮೇಲೆ ಅದರ ಉಪಾಧ್ಯಕ್ಷರೂ ಆಗಿದ್ದರು. 1990ರ ಮೇ 24ಕ್ಕೆ ತೀರಿಕೊಂಡರು. ಅವರ ಮಗ ಎನ್. ಸಂತೋಷ್ ಹೆಗ್ಡೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿ, ಆಮೇಲೆ ನಮ್ಮ ಲೋಕಾಯುಕ್ತರಾಗಿ 2011ರಲ್ಲಿ ಕೊಟ್ಟ ಅಕ್ರಮ ಗಣಿಗಾರಿಕೆ ವರದಿ ಒಬ್ಬ ಮುಖ್ಯಮಂತ್ರಿಯ ರಾಜೀನಾಮೆಗೆ ದಾರಿ ಮಾಡಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ಮತ್ತೆ ಯಾವ ಕೋರ್ಟಿನಲ್ಲೂ ವಕೀಲಿಕೆ ಮಾಡುವಂತಿಲ್ಲ ಎಂದು ಸಂವಿಧಾನದ 124(7) ವಿಧಿ ಹೇಳುತ್ತದೆ. ಚುನಾವಣೆಗೆ ನಿಲ್ಲಬಾರದು ಎಂದು ಎಲ್ಲೂ ಹೇಳಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಎಂ. ರಾಮಾ ಜೋಯಿಸ್ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯಾಗಿ, ರಾಜ್ಯಪಾಲರಾಗಿ, 2008ರಿಂದ 2014ರವರೆಗೆ ರಾಜ್ಯಸಭೆಯಲ್ಲಿದ್ದರು. ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ 2019ರಲ್ಲಿ ನಿವೃತ್ತರಾಗಿ ನಾಲ್ಕು ತಿಂಗಳಲ್ಲೇ ರಾಜ್ಯಸಭೆಗೆ ನಾಮಕರಣಗೊಂಡಾಗ ದೇಶದಲ್ಲಿ ದೊಡ್ಡ ಚರ್ಚೆಯಾಯಿತು.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ. ನಮಗೆ ಕಾಣುವ ಅಳತೆಗೋಲು ಎರಡು. ಒಂದು, ಕುರ್ಚಿ ಬಿಟ್ಟದ್ದಕ್ಕೂ ಅಧಿಕಾರಕ್ಕೆ ಬಂದದ್ದಕ್ಕೂ ನಡುವೆ ಎಷ್ಟು ಕಾಲ ಇತ್ತು? ಹೆಗ್ಡೆ ಅವರ ವಿಷಯದಲ್ಲಿ ಸುಮಾರು ನಾಲ್ಕು ವರ್ಷ. ಎರಡು, ಕೊಟ್ಟವರು ಯಾರು? ಸರ್ಕಾರ ಕೊಟ್ಟ ಸ್ಥಾನಕ್ಕೂ ಜನರ ಮುಂದೆ ನಿಂತು ಗೆದ್ದ ಸ್ಥಾನಕ್ಕೂ ವ್ಯತ್ಯಾಸವಿದೆ. ಹೆಗ್ಡೆ ಅವರು ಸರ್ಕಾರದ ವಿರುದ್ಧ ತೀರ್ಪು ಬರೆದು, ಹುದ್ದೆ ಕಳೆದುಕೊಂಡು, ಅದೇ ಸರ್ಕಾರದ ವಿರುದ್ಧ ಓಟು ಕೇಳಿ ಬಂದವರು. ಅದೇ ಅಳತೆಗೋಲಲ್ಲಿ 1957ನ್ನೂ ಅಳೆಯಬೇಕು. ಆಡಳಿತ ಪಕ್ಷದ ಸಂಸದರೊಬ್ಬರು ನೇರವಾಗಿ ಹೈಕೋರ್ಟಿಗೆ ಹೋದದ್ದನ್ನು ಇವತ್ತು ನಾವು ಸುಲಭವಾಗಿ ಒಪ್ಪಲಾರೆವು. ಆಮೇಲಿನ ತೀರ್ಪುಗಳಲ್ಲಿ ಅವರು ತಮ್ಮ ಹಳೆಯ ಪಕ್ಷದ ಮುಖ ನೋಡಲಿಲ್ಲ ಎಂಬುದು ಅವರ ದೊಡ್ಡತನ. ಆದರೆ ಎಲ್ಲರೂ ಹಾಗಿರುತ್ತಾರೆಂದು ನಂಬಿ ವ್ಯವಸ್ಥೆ ನಡೆಸಲು ಆಗುವುದಿಲ್ಲ.

1977ರ ಜನವರಿಯಲ್ಲಿ ಎಚ್.ಆರ್. ಖನ್ನಾ ಅವರನ್ನೂ ಹೀಗೇ ದಾಟಿದ್ದು ಕೊನೆ. ಆಮೇಲೆ ಯಾವ ಸರ್ಕಾರವೂ ಹಿರಿತನ ಮುರಿದು ಮುಖ್ಯ ನ್ಯಾಯಮೂರ್ತಿಯನ್ನು ಕೂರಿಸಿಲ್ಲ. 1980ರಲ್ಲಿ 42ನೇ ತಿದ್ದುಪಡಿಯ ಮುಖ್ಯ ಭಾಗಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು ಎಡನೀರು ಕೇಸಿನ ಮೂಲ ರಚನೆಯ ತತ್ವದ ಮೇಲೆಯೇ. ಮೂರು ಜನ ಹುದ್ದೆ ಬಿಟ್ಟು ಬಂದದ್ದು ನೀರಲ್ಲಿ ಹೋಮ ಆಗಲಿಲ್ಲ.

ಮುಂದಿನ ಚುನಾವಣೆಯಲ್ಲಿ ವಕೀಲರೋ ಮಾಜಿ ನ್ಯಾಯಾಧೀಶರೋ ನಿಮ್ಮ ಊರಿನ ಅರಳಿಕಟ್ಟೆಗೆ ಓಟು ಕೇಳಲು ಬಂದರೆ ರಸ್ತೆ, ನೀರು ಕೇಳುವುದರ ಜೊತೆ ಒಂದು ಮಾತು ಕೇಳಿ: "ನಿಮ್ಮ ಪಕ್ಷವೇ ತಪ್ಪು ಕಾನೂನು ತಂದರೆ ಸದನದಲ್ಲಿ ಎದ್ದು ನಿಂತು ಹೇಳ್ತೀರಾ ಸಾರ್?" ಅವರು ಏನು ಉತ್ತರ ಕೊಟ್ಟರು ಎಂಬುದನ್ನು ನಮಗೂ ಬರೆದು ಕಳಿಸಿ.